ನಿದ್ದೆಯಿಂದ ಎದ್ದ ರೆಫರೆನ್ಸ್ ತಪ್ಪು ಹೇಳಿದಾಗ: ಬ್ಯಾಟರಿ ಸರ್ಕ್ಯೂಟ್‌ನಲ್ಲಿ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ವಿಜಯಪುರ ಜಿಲ್ಲೆಯ ಟಿಕೋಟಾ ಹತ್ತಿರ ಗೆಳೆಯರೊಬ್ಬರ ಒಣದ್ರಾಕ್ಷಿ ಶೆಡ್ ಇದೆ. ಮಾರ್ಚ್ ತಿಂಗಳಲ್ಲಿ ದ್ರಾಕ್ಷಿ ಕೊಯ್ದು, ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ಬಲೆಯ ಹಂತಗಳ ಮೇಲೆ ಹರಡಿದ್ದರು. ಮಣೂಕದ, ಅಂದರೆ ಒಣದ್ರಾಕ್ಷಿಯ, ಬಣ್ಣ ಕೆಡಬಾರದು ಅಂದರೆ ಶೆಡ್ಡಿನ ಒಳಗಿನ ಬಿಸಿ ಎಷ್ಟಿದೆ ಎಂದು ಗೊತ್ತಿರಬೇಕು. ಅದಕ್ಕೆ ನಾನು ಮೂರು ಸಣ್ಣ ನೋಡ್ ಮಾಡಿ ಕಟ್ಟಿದೆ. ಹತ್ತು ನಿಮಿಷಕ್ಕೊಮ್ಮೆ ಏಳುವುದು, ತಾಪಮಾನ ಅಳೆಯುವುದು, ರೇಡಿಯೋದಲ್ಲಿ ಕಳಿಸುವುದು, ಮತ್ತೆ ಮಲಗುವುದು. ಅಷ್ಟೇ ಕೆಲಸ.

ಮನೆಯ ಟೇಬಲ್ ಮೇಲೆ ಮೂರೂ ಸರಿಯಾಗಿದ್ದವು. ಶೆಡ್‌ನಲ್ಲಿ ಒಂದು ಸರಿಯಾಗಿ ಹೇಳಿತು, ಇನ್ನೊಂದು 2 ಡಿಗ್ರಿ ಜಾಸ್ತಿ, ಮತ್ತೊಂದು 3 ಡಿಗ್ರಿ ಜಾಸ್ತಿ. ಕೆಲವು ವಾರ ಕಳೆದ ಮೇಲೆ ತಪ್ಪು ಇನ್ನೂ ಬೆಳೆಯಿತು. ನಾನು ಮೊದಲು ಸೆನ್ಸರ್ ಬದಲಿಸಿದೆ. ಆಮೇಲೆ ವಿಜಯಪುರದ ಬಿಸಿಲನ್ನು ದೂರಿದೆ. ಎರಡೂ ಕಾರಣ ಅಲ್ಲ. ದೋಷ ಇದ್ದದ್ದು ವೋಲ್ಟೇಜ್ ರೆಫರೆನ್ಸ್‌ಗೆ, ಅಂದರೆ ಅಳತೆಗೋಲಾಗಿ ಬಳಸುವ ಸ್ಥಿರ ವೋಲ್ಟೇಜ್ ಕೊಡುವ ಭಾಗಕ್ಕೆ, ಏರಿ ನಿಲ್ಲಲು ನಾನು ಕೊಟ್ಟ ಸಮಯದಲ್ಲಿ. ಈ ದೋಷ ಹಿಡಿಯಲು ದುಬಾರಿ ಉಪಕರಣ ಬೇಕಾಗಿಲ್ಲ. ಕ್ರಮ ಬೇಕು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸರ್ಕ್ಯೂಟ್ ಹೇಗಿದೆ, ರೆಫರೆನ್ಸ್ ಯಾಕೆ ಆಫ್ ಮಾಡಬೇಕು

ಮೈಕ್ರೋಕಂಟ್ರೋಲರ್ ಎಟಿಮೆಗಾ328ಪಿ, 28 ಕಾಲಿನ ಬಿಡಿ ಚಿಪ್, ಒಳಗಿನ 8 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ. ವಿದ್ಯುತ್ ಒಂದೇ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನಿಂದ, ನಡುವೆ ರೆಗ್ಯುಲೇಟರ್ ಇಲ್ಲ. ಹೊಸದಾಗಿ ಚಾರ್ಜ್ ಆದ ಸೆಲ್ ಸುಮಾರು 3.3 ವೋಲ್ಟ್‌ನಲ್ಲಿ ನಿಲ್ಲುತ್ತದೆ, ಬಹಳ ದಿನ 3.2ರ ಆಸುಪಾಸಿನಲ್ಲಿ ಇರುತ್ತದೆ, ಖಾಲಿಯಾಗುವಾಗ 3.0ಕ್ಕಿಂತ ಕೆಳಗೆ ಇಳಿಯುತ್ತದೆ. ತಾಪಮಾನಕ್ಕೆ ಟಿಎಂಪಿ36 ಸೆನ್ಸರ್. ಅದು 25 ಡಿಗ್ರಿಯಲ್ಲಿ 750 ಮಿಲಿವೋಲ್ಟ್ ಕೊಡುತ್ತದೆ, ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಏರುತ್ತದೆ.

ಸೆಲ್‌ನ ವೋಲ್ಟೇಜ್ ಬದಲಾಗುತ್ತಿರುತ್ತದೆ, ಸೆನ್ಸರ್‌ನದು ಬದಲಾಗುವುದಿಲ್ಲ. ಹಾಗಾಗಿ ಎಡಿಸಿಗೆ, ಅಂದರೆ ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಚಿಪ್‌ನ ಭಾಗಕ್ಕೆ, ಒಂದು ಸ್ಥಿರವಾದ ಅಳತೆಗೋಲು ಬೇಕು. ಅದಕ್ಕೆ ಎಲ್ಎಂ4040, 2.5 ವೋಲ್ಟ್‌ನದು. ಇದು ಶಂಟ್ ಜಾತಿಯ ರೆಫರೆನ್ಸ್, ಝೀನರ್ ಡಯೋಡ್ ಹಾಗೆ ಹೆಚ್ಚಿನ ಕರೆಂಟನ್ನು ಗ್ರೌಂಡ್‌ಗೆ ಹರಿಸಿ ತನ್ನ ವೋಲ್ಟೇಜ್ ಹಿಡಿದಿಡುತ್ತದೆ. ಕೋಡ್‌ನಿಂದ ಹೈ-ಲೋ ಮಾಡಬಹುದಾದ ಒಂದು ಜಿಪಿಐಓ ಪಿನ್‌ನಿಂದ ವಿದ್ಯುತ್ 3.9 ಕಿಲೋಓಮ್ ರೆಸಿಸ್ಟರ್ ಮೂಲಕ 21ನೇ ಕಾಲಿಗೆ, ಅಂದರೆ ಎಡಿಸಿಗೆ ರೆಫರೆನ್ಸ್ ಕೊಡುವ ಎ-ರೆಫ್ ಪಿನ್‌ಗೆ ಬರುತ್ತದೆ. ಅಲ್ಲಿಂದ ಗ್ರೌಂಡ್‌ಗೆ ಎಲ್ಎಂ4040, ಅದರ ಪಕ್ಕದಲ್ಲಿ 1 ಮೈಕ್ರೋಫ್ಯಾರಡ್ ಕೆಪಾಸಿಟರ್. ಜಿಪಿಐಓ ಪಿನ್ ಹೈ ಮಾಡಿದರೆ ರೆಫರೆನ್ಸ್ ಆನ್, ಲೋ ಮಾಡಿದರೆ ಆಫ್.

ಯಾವಾಗಲೂ ಆನ್ ಇಟ್ಟರೆ ಏನಾಗುತ್ತದೆ? 3.3ರಲ್ಲಿ 2.5 ಕಳೆದರೆ 0.8 ವೋಲ್ಟ್. 3.9 ಕಿಲೋಓಮ್‌ಗೆ ಭಾಗಿಸಿದರೆ ಸುಮಾರು 205 ಮೈಕ್ರೋಆಂಪಿಯರ್. ದಿನಕ್ಕೆ 4.9 ಮಿಲಿಆಂಪಿಯರ್-ಅವರ್. 1500ರ ಸೆಲ್ ಇದ್ದರೆ ರೆಫರೆನ್ಸ್ ಒಂದೇ ಹತ್ತು ತಿಂಗಳಲ್ಲಿ ಅದನ್ನು ಕುಡಿದು ಮುಗಿಸುತ್ತದೆ. ಮಲಗಿದ ಚಿಪ್ ತನ್ನನ್ನು ಎಬ್ಬಿಸುವ ವಾಚ್‌ಡಾಗ್ ಟೈಮರ್ ಸಮೇತ ತಿನ್ನುವುದು ನಾಲ್ಕೈದು ಮೈಕ್ರೋಆಂಪಿಯರ್ ಮಾತ್ರ. ಮನೆಯೊಡೆಯ ಮಲಗಿರುವಾಗ ಕಾವಲುಗಾರ ನಲವತ್ತು ಪಟ್ಟು ಊಟ ಮಾಡಿದ ಹಾಗೆ. ಅದಕ್ಕೇ ಆಫ್ ಮಾಡುವುದು.

ಇಲ್ಲೊಂದು ಮಾತು. ನಿಮ್ಮ ಸೆನ್ಸರ್ ಥರ್ಮಿಸ್ಟರ್ ಆಗಿದ್ದರೆ, ಅಥವಾ ಸಪ್ಲೈ ಏರಿದಂತೆ ಅದೇ ಪ್ರಮಾಣದಲ್ಲಿ ಔಟ್‌ಪುಟ್ ಏರುವ ಯಾವುದೇ ಸೆನ್ಸರ್ ಆಗಿದ್ದರೆ, ಈ ರಗಳೆಯೇ ಬೇಡ. ಸೆನ್ಸರ್‌ಗೂ ಎಡಿಸಿಗೂ ಒಂದೇ ಸಪ್ಲೈಯನ್ನು ಅಳತೆಗೋಲು ಮಾಡಿ. ಸಪ್ಲೈ ಕುಸಿದರೆ ಎರಡೂ ಒಟ್ಟಿಗೆ ಕುಸಿಯುತ್ತವೆ, ಲೆಕ್ಕ ಕೆಡುವುದಿಲ್ಲ. ರೆಫರೆನ್ಸ್ ಹಾಕುವ ಮೊದಲು ಇದನ್ನೊಮ್ಮೆ ಯೋಚಿಸಿ.

ಹಂತ 1: ತಪ್ಪು ಯಾವ ದಿಕ್ಕಿಗೆ ಇದೆ ಎಂದು ನೋಡಿ

ನಮ್ಮ ಕಡೆ ಜೋಳವನ್ನು ಸೇರಿನಲ್ಲಿ ಅಳೆಯುತ್ತಿದ್ದರು. ಸೇರು ಸಣ್ಣದಾದರೆ ಅದೇ ರಾಶಿ ಜಾಸ್ತಿ ಸೇರು ಬರುತ್ತದೆ, ಅಲ್ವಾ? ಎಡಿಸಿಗೆ ರೆಫರೆನ್ಸ್ ಅಂದರೆ ಆ ಸೇರು. ರೆಫರೆನ್ಸ್ 2.5ಕ್ಕೆ ಇನ್ನೂ ತಲುಪಿಲ್ಲ ಅಂದರೆ ರೀಡಿಂಗ್ ಯಾವಾಗಲೂ ಮೇಲಕ್ಕೆ ತಪ್ಪುತ್ತದೆ.

ಲೆಕ್ಕ ನೋಡಿ. 38 ಡಿಗ್ರಿಯಲ್ಲಿ ಸೆನ್ಸರ್ 880 ಮಿಲಿವೋಲ್ಟ್ ಕೊಡುತ್ತದೆ. 0ರಿಂದ 1023ರವರೆಗೆ ಎಣಿಸುವ 10 ಬಿಟ್ ಎಡಿಸಿಯಲ್ಲಿ ಅದು 360 ಆಗಬೇಕು. ರೆಫರೆನ್ಸ್ 2.4 ವೋಲ್ಟ್‌ನಲ್ಲೇ ಇದ್ದರೆ 375 ಬರುತ್ತದೆ. ಕೋಡ್ ಮಾತ್ರ 2.5 ಎಂದೇ ನಂಬಿ ಲೆಕ್ಕ ಹಾಕಿ 41.6 ಡಿಗ್ರಿ ಎನ್ನುತ್ತದೆ. ಬರೀ 0.1 ವೋಲ್ಟ್ ಕೊರತೆಗೆ 3.6 ಡಿಗ್ರಿ ತಪ್ಪು.

ನಿಮ್ಮ ರೀಡಿಂಗ್ ಕೆಳಕ್ಕೆ ತಪ್ಪುತ್ತಿದ್ದರೆ ರೆಫರೆನ್ಸ್ ಏರುವುದು ತಡವಾಗುತ್ತಿಲ್ಲ. ಆಗ ಎ-ರೆಫ್ ಮೇಲೆ ಬೇರೆ ವೋಲ್ಟೇಜ್ ಬಂದು ಕೂತಿದೆಯೇ ಎಂದು ನೋಡಬೇಕು. ಹಂತ 6ರಲ್ಲಿ ಅದು ಬರುತ್ತದೆ. ಅಥವಾ ಸೆನ್ಸರ್ ಇನ್ನೂ ಎದ್ದಿಲ್ಲದಿರಬಹುದು.

ಬಿಸಿಲಿನ ಬಗ್ಗೆ ನನಗಿದ್ದ ಅನುಮಾನವನ್ನೂ ಇಲ್ಲೇ ಮುಗಿಸುತ್ತೇನೆ. ಎಲ್ಎಂ4040ರ ಎ, ಬಿ, ಸಿ ದರ್ಜೆಗಳು ಪ್ರತಿ ಡಿಗ್ರಿಗೆ ಹೆಚ್ಚೆಂದರೆ ಹತ್ತು ಲಕ್ಷದಲ್ಲಿ 100 ಪಾಲು ಜಾರುತ್ತವೆ. 20 ಡಿಗ್ರಿ ಬಿಸಿ ಏರಿದರೂ ಬದಲಾವಣೆ 0.2 ಶೇಕಡ. ನಮ್ಮ ಲೆಕ್ಕದಲ್ಲಿ 0.2 ಡಿಗ್ರಿಗಿಂತ ಕಡಿಮೆ, ಎಡಿಸಿಯ ಒಂದು ಎಣಿಕೆಗೂ ಬರುವುದಿಲ್ಲ. 3 ಡಿಗ್ರಿ ತಪ್ಪಿಗೆ ಬಿಸಿಲು ಹೊಣೆಯಲ್ಲ.

ಹಂತ 2: ರೆಫರೆನ್ಸ್ ಆಫ್ ಮಾಡುವುದನ್ನೇ ನಿಲ್ಲಿಸಿ

ಕೋಡ್‌ನಲ್ಲಿ ಪಿನ್ ಲೋ ಮಾಡುವ ಸಾಲು ತೆಗೆದುಹಾಕಿ. ರೆಫರೆನ್ಸ್ ಸದಾ ಆನ್ ಇರಲಿ, ಉಳಿದದ್ದೆಲ್ಲ ಇದ್ದ ಹಾಗೇ ಇರಲಿ. ಈಗ ರೀಡಿಂಗ್ ಸರಿಯಾದರೆ ಭಾಗಗಳು ಚೆನ್ನಾಗಿವೆ, ದೋಷ ಆನ್-ಆಫ್ ಮಾಡುವುದರಲ್ಲಿದೆ. ಸರಿಯಾಗದಿದ್ದರೆ ಮಲ್ಟಿಮೀಟರ್ ತೆಗೆದು ಎ-ರೆಫ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಎಲ್ಎಂ4040ರಲ್ಲಿ ಎ, ಬಿ, ಸಿ, ಡಿ ಎಂಬ ದರ್ಜೆಗಳಿವೆ. ಕ್ರಮವಾಗಿ 0.1, 0.2, 0.5 ಮತ್ತು 1 ಶೇಕಡ ವ್ಯತ್ಯಾಸ ಇರಬಹುದು. ಡಿ ದರ್ಜೆಯಾದರೂ 2.475ರಿಂದ 2.525ರ ಒಳಗೆ ಬರಬೇಕು.

ಟೇಬಲ್ ಮೇಲೆ ನನ್ನ ನೋಡ್‌ಗಳು ಯಾಕೆ ಸರಿಯಾಗಿದ್ದವು ಎಂಬುದು ಇಲ್ಲಿ ಗೊತ್ತಾಯಿತು. ಪರೀಕ್ಷೆಯ ಕೋಡ್‌ನಲ್ಲಿ ನಿದ್ದೆಯೇ ಇರಲಿಲ್ಲ. ಎರಡು ಸೆಕೆಂಡಿಗೊಮ್ಮೆ ಸುಮ್ನೆ ಓದುತ್ತಿತ್ತು, ರೆಫರೆನ್ಸ್ ಒಮ್ಮೆ ಏರಿದ್ದು ಇಳಿಯಲೇ ಇಲ್ಲ. ನಿದ್ದೆ ಸೇರಿಸಿದ್ದು ಕೊನೆಗೆ, ಶೆಡ್‌ಗೆ ಹೊರಡುವ ಹಿಂದಿನ ರಾತ್ರಿ. ಟೇಬಲ್ ಮೇಲೆ ಪರೀಕ್ಷೆ ಮಾಡುವಾಗ ಹೊಲದಲ್ಲಿ ಎಷ್ಟು ಹೊತ್ತು ಮಲಗುತ್ತದೋ ಅಷ್ಟೇ ಹೊತ್ತು ಮಲಗಿಸಿ ನೋಡಿ. ಆಫ್ ಇರುವ ಹೊತ್ತು ಕಡಿಮೆಯಾದರೆ ಕೆಪಾಸಿಟರ್‌ನಲ್ಲಿ ಹಳೆಯ ಚಾರ್ಜ್ ಉಳಿದು ದೋಷವನ್ನು ಮುಚ್ಚಿಬಿಡಬಹುದು.

ಹಂತ 3: ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತಾ ಹೋಗಿ

ಈಗ ಆನ್-ಆಫ್ ಮತ್ತೆ ಹಾಕಿ. ನನ್ನ ಕೋಡ್ 6 ಮಿಲಿಸೆಕೆಂಡ್ ಕಾಯುತ್ತಿತ್ತು. ಅದನ್ನು 12 ಮಾಡಿ, 24 ಮಾಡಿ, 50 ಮಾಡಿ ನೋಡಿ. ರೀಡಿಂಗ್ ಇಳಿದು ಒಂದು ಕಡೆ ನಿಂತರೆ ಏರುವ ಸಮಯವೇ ದೋಷ. ಎಷ್ಟು ಕಾದರೂ ತಪ್ಪು ಅಷ್ಟೇ ಇದ್ದರೆ ಹಂತ 5 ಮತ್ತು 6ಕ್ಕೆ ಹೋಗಿ.

ಸಮಸ್ಯೆ ಬಗೆಹರಿಯಿತು ಎಂದು 50ರಲ್ಲೇ ಬಿಟ್ಟುಬಿಡಬೇಡಿ. ಯಾಕೆ ತಡವಾಗುತ್ತಿದೆ ಎಂದು ಗೊತ್ತಾಗದೆ ಬಿಟ್ಟ ದೋಷ ಸೆಲ್ ಇಳಿದಾಗ ಮತ್ತೆ ಬರುತ್ತದೆ.

ಹಂತ 4: ಎಡಿಸಿಯನ್ನೇ ಆಸಿಲೋಸ್ಕೋಪ್ ಮಾಡಿಕೊಳ್ಳಿ

ಮಲ್ಟಿಮೀಟರ್‌ಗೆ ಮಿಲಿಸೆಕೆಂಡ್ ಕಾಣುವುದಿಲ್ಲ. ವೋಲ್ಟೇಜ್ ಕ್ಷಣಕ್ಷಣಕ್ಕೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಆಸಿಲೋಸ್ಕೋಪ್ ಇದ್ದರೆ ಒಂದು ಪ್ರೋಬ್ ಜಿಪಿಐಓ ಪಿನ್ ಮೇಲೆ, ಇನ್ನೊಂದು ಎ-ರೆಫ್ ಮೇಲೆ ಇಟ್ಟು, ಜಿಪಿಐಓ ಏರುವ ಅಂಚಿನಲ್ಲಿ ಸಿಂಗಲ್ ಟ್ರಿಗರ್ ಹಾಕಿ ಚಿತ್ರ ಹಿಡಿಯಿರಿ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಸ್ಕೋಪ್ ಇರುತ್ತದೆ. ಓದುವ ಮಕ್ಕಳಿಗೆ ಇದು ಸುಲಭ. ಮನೆಯಲ್ಲಿ ಕೂತು ಮಾಡುವವರಿಗೆ ಬೇರೆ ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ.

ಇನ್‌ಪುಟ್ ಸ್ಥಿರವಾಗಿದ್ದು ರೆಫರೆನ್ಸ್ ಏರುತ್ತಿದ್ದರೆ, ರೀಡಿಂಗ್ ಇಳಿಯುತ್ತಾ ಹೋಗುತ್ತದೆ. ಅಂದರೆ ಎಡಿಸಿ ತನ್ನ ಅಳತೆಗೋಲಿನ ಕಥೆಯನ್ನು ತಾನೇ ಬರೆದುಕೊಡುತ್ತದೆ. ಹೀಗೆ ಮಾಡಿ: ಸೆನ್ಸರ್‌ಗೆ ಮೊದಲೇ ವಿದ್ಯುತ್ ಕೊಟ್ಟು ಅದು ಸ್ಥಿರವಾಗಲಿ. 100 ಸಂಖ್ಯೆ ಹಿಡಿಯುವ ಒಂದು ಅರೇ ಮಾಡಿ, 200 ಬೈಟ್ ಸಾಕು. ಪಿನ್ ಹೈ ಮಾಡಿದ ತಕ್ಷಣ, ಕಾಯದೆ, ಒಂದರ ಹಿಂದೆ ಒಂದು 100 ರೀಡಿಂಗ್ ತೆಗೆದು ಅರೇಯಲ್ಲಿ ತುಂಬಿ. ಎಲ್ಲ ಮುಗಿದ ಮೇಲೆ ಸೀರಿಯಲ್‌ಗೆ ಪ್ರಿಂಟ್ ಮಾಡಿ. ನಡುವೆ ಪ್ರಿಂಟ್ ಮಾಡಿದರೆ ಸಮಯದ ಲೆಕ್ಕ ಕೆಡುತ್ತದೆ. 8 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ ಎಡಿಸಿ 125 ಕಿಲೋಹರ್ಟ್ಸ್‌ಗೆ ಓಡುತ್ತದೆ, ಒಂದು ಕನ್ವರ್ಷನ್‌ಗೆ 13 ಸುತ್ತು. ಅಂದರೆ ಪ್ರತಿ ರೀಡಿಂಗ್‌ಗೆ 104 ಮೈಕ್ರೋಸೆಕೆಂಡ್, ಜೊತೆಗೆ ಕೋಡ್‌ನ ಚೂರು ಹೊತ್ತು. 100 ರೀಡಿಂಗ್‌ನಲ್ಲಿ ಸುಮಾರು 11 ಮಿಲಿಸೆಕೆಂಡಿನ ಚಿತ್ರ ಸಿಗುತ್ತದೆ.

ಒಂದೊಂದು ಮಿಲಿಸೆಕೆಂಡಿಗೆ ನನಗೆ ಬಂದದ್ದು ಹೆಚ್ಚುಕಡಿಮೆ ಹೀಗೆ: 1023, 700, 530, 448, 402, 373, 360, 360. ಮೊದಲ ಮಿಲಿಸೆಕೆಂಡ್‌ನಲ್ಲಿ ರೆಫರೆನ್ಸ್ ಸೆನ್ಸರ್‌ಗಿಂತಲೂ ಕೆಳಗಿದೆ, ಅದಕ್ಕೆ ಎಡಿಸಿ ತುಂಬಿ 1023 ಎನ್ನುತ್ತದೆ. ಆರನೆಯದರಲ್ಲಿ 373. ಏಳರ ಹೊತ್ತಿಗೆ 360ಕ್ಕೆ ಬಂದು ಕೂರುತ್ತದೆ. ನಾನು 6 ಮಿಲಿಸೆಕೆಂಡ್‌ಗೆ ಓದುತ್ತಿದ್ದೆ. 373 ಅಂದರೆ 41 ಡಿಗ್ರಿ. ಶೆಡ್‌ನಲ್ಲಿ ಕಂಡ 3 ಡಿಗ್ರಿ ತಪ್ಪು ಟೇಬಲ್ ಮೇಲೆ ಕಣ್ಣೆದುರಿಗೆ ಬಂತು.

ಐದು ರೀಡಿಂಗ್ ತೆಗೆದು ಸರಾಸರಿ ಮಾಡಿದರೆ ಸರಿಹೋಗುತ್ತದೆ ಎಂದು ತುಂಬಾ ಜನ ಹೇಳುತ್ತಾರೆ. ಇಲ್ಲಿ ಹೋಗುವುದಿಲ್ಲ. ಸರಾಸರಿ ಕೆಲಸಕ್ಕೆ ಬರುವುದು ರೀಡಿಂಗ್ ಮೇಲೆ-ಕೆಳಗೆ ಎರಡೂ ಕಡೆ ಅಲುಗಾಡುವಾಗ. ಇಲ್ಲಿ ಎಲ್ಲವೂ ಒಂದೇ ಕಡೆಗೆ ತಪ್ಪಿವೆ. ಸರಾಸರಿ ಮಾಡಿದರೆ ತಪ್ಪು ಸ್ವಲ್ಪ ಸಣ್ಣದಾಗಿ ಕಾಣುತ್ತದೆ, ಹಿಡಿಯುವುದು ಇನ್ನೂ ಕಷ್ಟವಾಗುತ್ತದೆ.

ಲೆಕ್ಕ ಎಲ್ಲಿ ತಪ್ಪಿತ್ತು

6 ಮಿಲಿಸೆಕೆಂಡ್ ನಾನು ಬಾಯಿಗೆ ಬಂದ ಹಾಗೆ ಹಾಕಿದ್ದಲ್ಲ. ಲೆಕ್ಕ ಹಾಕಿಯೇ ಹಾಕಿದ್ದೆ. 3.9 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್ ಸೇರಿದರೆ ಟೈಮ್ ಕಾನ್‌ಸ್ಟಂಟ್, ಅಂದರೆ ಕೆಪಾಸಿಟರ್ ಎಷ್ಟು ಬೇಗ ತುಂಬುತ್ತದೆ ಎಂಬುದರ ಅಳತೆ, 3.9 ಮಿಲಿಸೆಕೆಂಡ್. 3.3 ವೋಲ್ಟ್ ಕಡೆಗೆ ಏರುತ್ತಾ 2.5 ದಾಟಲು ಅದರ 1.42 ಪಟ್ಟು, ಅಂದರೆ 5.5 ಮಿಲಿಸೆಕೆಂಡ್. ಅರ್ಧ ಸೇರಿಸಿ 6 ಮಾಡಿದೆ. ಕಾಗದದ ಮೇಲೆ ಸರಿಯಾಗಿತ್ತು.

ಬಿಟ್ಟುಹೋದದ್ದು ಚಿಪ್‌ನ ಒಳಗಿತ್ತು. ಎಟಿಮೆಗಾ328ಪಿಯ ಎ-ರೆಫ್ ಪಿನ್ ಸುಮ್ನೆ ನೋಡುತ್ತಾ ಕೂರುವುದಿಲ್ಲ. ಅದಕ್ಕೆ ಸುಮಾರು 32 ಕಿಲೋಓಮ್ ಒಳ ರೆಸಿಸ್ಟೆನ್ಸ್ ಇದೆ ಎಂದು ಡೇಟಾಶೀಟ್‌ನ, ಅಂದರೆ ಚಿಪ್ ತಯಾರಕರ ಮಾಹಿತಿ ಪತ್ರದ, ಎಡಿಸಿ ಕೋಷ್ಟಕದಲ್ಲಿ ಒಂದು ಸಾಲು ಹೇಳುತ್ತದೆ. ಕೊಡ ತುಂಬುವಾಗ ತಳದಲ್ಲಿ ಸಣ್ಣ ತೂತು ಇದ್ದಂತೆ. 3.3 ವೋಲ್ಟ್ ಕಡೆಗೆ ಏರಬೇಕಾದ್ದು 2.94 ವೋಲ್ಟ್ ಕಡೆಗೆ ಏರುತ್ತದೆ. ಗುರಿ ಹತ್ತಿರವಾದಷ್ಟೂ ನಡಿಗೆ ನಿಧಾನ. 2.5 ಮುಟ್ಟಲು 5.5 ಅಲ್ಲ, 6.6 ಮಿಲಿಸೆಕೆಂಡ್ ಬೇಕು.

ಮೂರು ನೋಡ್ ಮೂರು ತರಹ ಹೇಳಿದ್ದೂ ಈಗ ಅರ್ಥವಾಯಿತು. ಒಳಗಿನ ಕ್ಲಾಕ್ ಕಾರ್ಖಾನೆಯಿಂದ ಬರುವಾಗ 10 ಶೇಕಡದವರೆಗೆ ಆಚೀಚೆ ಇರಬಹುದು. ಕೋಡ್‌ನ 6 ಮಿಲಿಸೆಕೆಂಡ್ ಒಂದು ಚಿಪ್‌ನಲ್ಲಿ 5.6, ಇನ್ನೊಂದರಲ್ಲಿ 6.5 ಆಗುತ್ತದೆ. ಕೆಪಾಸಿಟರ್‌ಗೂ 10ರಿಂದ 20 ಶೇಕಡ ವ್ಯತ್ಯಾಸ ಇರುತ್ತದೆ. ಅಂಚಿನಲ್ಲಿ ನಿಂತು ಓದಿದರೆ ಇವೆಲ್ಲ ಡಿಗ್ರಿಗಳಾಗಿ ಹೊರಗೆ ಬರುತ್ತವೆ.

ವಾರ ಕಳೆದ ಹಾಗೆ ತಪ್ಪು ಬೆಳೆದದ್ದು ಸೆಲ್‌ನಿಂದ. 3.3 ಇದ್ದದ್ದು 3.2ಕ್ಕೆ ಇಳಿದರೆ 6.6 ಮಿಲಿಸೆಕೆಂಡ್ 7.3 ಆಗುತ್ತದೆ. ಆಗ 6 ಮಿಲಿಸೆಕೆಂಡ್‌ಗೆ ರೆಫರೆನ್ಸ್ 2.34ರಲ್ಲೇ ಇರುತ್ತದೆ, ತಪ್ಪು 6 ಡಿಗ್ರಿ ಹತ್ತಿರ ಹೋಗುತ್ತದೆ. ಸೆಲ್ ಇಳಿದದ್ದು ಬರೀ 0.1 ವೋಲ್ಟ್.

ಹಂತ 5: ಕರೆಂಟ್ ಸಾಕಷ್ಟು ಉಳಿಯುತ್ತದೆಯೇ

ಶಂಟ್ ರೆಫರೆನ್ಸ್‌ನಲ್ಲಿ ಇದನ್ನು ನೋಡದೆ ಮುಂದೆ ಹೋಗಬೇಡಿ. ಎಲ್ಎಂ4040 ತನ್ನ ವೋಲ್ಟೇಜ್ ಹಿಡಿದು ನಿಲ್ಲಲು 60ರಿಂದ 65 ಮೈಕ್ರೋಆಂಪಿಯರ್ ಅದರ ಮೂಲಕ ಹರಿಯಬೇಕು. ರೆಸಿಸ್ಟರ್‌ನಿಂದ ಬರುವುದೆಲ್ಲ ಅದಕ್ಕೆ ಸಿಗುವುದಿಲ್ಲ. 2.5 ವೋಲ್ಟ್‌ನಲ್ಲಿ ಆ 32 ಕಿಲೋಓಮ್ ಮೊದಲೇ 78 ಮೈಕ್ರೋಆಂಪಿಯರ್ ಎತ್ತಿಕೊಳ್ಳುತ್ತದೆ.

ಸಪ್ಲೈ 3.3 ಇದ್ದಾಗ 205 ಬರುತ್ತದೆ, 78 ಹೋದರೆ 127 ಉಳಿಯುತ್ತದೆ. ಸಾಕು. 3.0 ಆದಾಗ ಬರುವುದೇ 128, ಉಳಿಯುವುದು 50. ಸಾಲದು. 2.8ಕ್ಕೆ ಬಂದರೆ ಎ-ರೆಫ್ ಎಷ್ಟು ಹೊತ್ತು ಕಾದರೂ 2.5 ಮುಟ್ಟುವುದೇ ಇಲ್ಲ. ಹಂತ 3ರಲ್ಲಿ ಎಷ್ಟು ಕಾದರೂ ತಪ್ಪು ಹೋಗದವರು ಮೊದಲು ಇದನ್ನು ನೋಡಿ. ಪರೀಕ್ಷೆ ಸುಲಭ. ವೋಲ್ಟೇಜ್ ಬದಲಿಸಬಹುದಾದ ಪವರ್ ಸಪ್ಲೈ ಹಾಕಿ, 3.4ರಿಂದ 2.7ರವರೆಗೆ 0.1ರಂತೆ ಇಳಿಸಿ, ಪ್ರತಿ ಸಲ ಎ-ರೆಫ್ ಬರೆದುಕೊಳ್ಳಿ. ಎಲ್ಲಿ ಜಾರಲು ಶುರುವಾಗುತ್ತದೋ ಅದೇ ನಿಮ್ಮ ಗಡಿ.

ಪರಿಹಾರ ಎರಡು ಇವೆ. ರೆಸಿಸ್ಟರ್ ಅನ್ನು 2.2 ಕಿಲೋಓಮ್‌ಗೆ ಇಳಿಸಬಹುದು. ಆಗ 3.0 ವೋಲ್ಟ್‌ನಲ್ಲೂ 149 ಮೈಕ್ರೋಆಂಪಿಯರ್ ಉಳಿಯುತ್ತದೆ. ಆದರೆ 2.048 ವೋಲ್ಟ್‌ನ ಎಲ್ಎಂ4040 ಹಾಕುವುದು ಇನ್ನೂ ಒಳ್ಳೆಯದು ಎಂದು ನನ್ನ ಅಭಿಪ್ರಾಯ. 3.9 ಕಿಲೋಓಮ್ ಹಾಗೇ ಇಟ್ಟರೂ 3.0ರಲ್ಲಿ 180, 2.7ರಲ್ಲಿ 103 ಉಳಿಯುತ್ತದೆ. ಟಿಎಂಪಿ36ಗೂ ಕನಿಷ್ಠ 2.7 ವೋಲ್ಟ್ ಬೇಕು, ಹಾಗಾಗಿ ಅದರ ಕೆಳಗಿನ ಚಿಂತೆ ಬೇಡ. ಇನ್ನೊಂದು ಲಾಭ, 2.048ನ್ನು 1024ರಿಂದ ಭಾಗಿಸಿದರೆ ಪ್ರತಿ ಎಣಿಕೆಗೆ ಸರಿಯಾಗಿ 2 ಮಿಲಿವೋಲ್ಟ್. ಲೆಕ್ಕ ಬಾಯಲ್ಲೇ ಆಗುತ್ತದೆ.

ಕೆಪಾಸಿಟರ್ ಕೂಡ ಬದಲಿಸಿ. ದೊಡ್ಡದು ಹಾಕಿದರೆ ಒಳ್ಳೆಯದು ಎಂಬ ನಂಬಿಕೆಯಿಂದ ನಾನು 1 ಮೈಕ್ರೋಫ್ಯಾರಡ್ ಹಾಕಿದ್ದೆ. ಎಲ್ಎಂ4040ಗೆ ಕೆಪಾಸಿಟರ್ ಇಲ್ಲದಿದ್ದರೂ ನಡೆಯುತ್ತದೆ, ಎಷ್ಟು ಹಾಕಿದರೂ ಅದರ ವೋಲ್ಟೇಜ್ ಕಂಪಿಸುವುದಿಲ್ಲ. ಎ-ರೆಫ್‌ಗೆ 100 ನ್ಯಾನೋಫ್ಯಾರಡ್ ಸಾಕು. ಎಕ್ಸ್7ಆರ್ ಜಾತಿಯ ಸೆರಾಮಿಕ್ ತೆಗೆದುಕೊಳ್ಳಿ. ವೈ5ವಿ ಬೇಡ, ಬಿಸಿಯಲ್ಲಿ ಅದರ ಕೆಪಾಸಿಟೆನ್ಸ್ ಬಹಳ ಕುಸಿಯುತ್ತದೆ. ಎಲೆಕ್ಟ್ರೋಲಿಟಿಕ್ ಅಂತೂ ಬೇಡವೇ ಬೇಡ, ಸೋರುತ್ತದೆ. 100 ನ್ಯಾನೋ ಮತ್ತು 2.048 ಸೇರಿದ ಮೇಲೆ 3.0 ವೋಲ್ಟ್‌ನಲ್ಲೂ ರೆಫರೆನ್ಸ್ ಅರ್ಧ ಮಿಲಿಸೆಕೆಂಡ್‌ನಲ್ಲಿ ಏರಿ ನಿಲ್ಲುತ್ತದೆ.

ಹಂತ 6: ಎ-ರೆಫ್ ಮೇಲೆ ಎರಡು ಯಜಮಾನರು

ಹೊರಗಿನ ರೆಫರೆನ್ಸ್ ಕಟ್ಟಿದ ಮೇಲೆ ಚಿಪ್‌ನ ಒಳಗಿನ ರೆಫರೆನ್ಸ್ ಆಯ್ಕೆಗಳನ್ನು ಮುಟ್ಟಬಾರದು. ಮುಟ್ಟಿದರೆ ಎರಡೂ ಒಂದಕ್ಕೊಂದು ಶಾರ್ಟ್ ಆಗುತ್ತವೆ ಎಂದು ಡೇಟಾಶೀಟ್ ನೇರವಾಗಿ ಹೇಳುತ್ತದೆ. ಆದರೂ ಇದು ಎರಡು ಬಾಗಿಲಿನಿಂದ ಒಳಗೆ ಬರುತ್ತದೆ.

ಒಂದು, ಆರ್ಡುಯಿನೋದಲ್ಲಿ ರೆಫರೆನ್ಸ್ ಅನ್ನು ಎಕ್ಸ್‌ಟರ್ನಲ್ ಎಂದು ಹೇಳುವುದಕ್ಕಿಂತ ಮೊದಲೇ ಅನಲಾಗ್ ರೀಡ್ ಕರೆಯುವುದು. ಆಗ ಸಪ್ಲೈ ವೋಲ್ಟೇಜ್ ಎ-ರೆಫ್‌ಗೆ ಸೇರಿಕೊಳ್ಳುತ್ತದೆ. ಎರಡು, ಬ್ಯಾಟರಿ ಅಳೆಯುವ ಆ ಜನಪ್ರಿಯ ಉಪಾಯ. ಸಪ್ಲೈಯನ್ನು ಅಳತೆಗೋಲು ಮಾಡಿ ಒಳಗಿನ 1.1 ವೋಲ್ಟ್ ಅಳೆದು, ತಿರುಗಿಸಿ ಸಪ್ಲೈ ಎಷ್ಟು ಎಂದು ಕಂಡುಹಿಡಿಯುವುದು. ಬೇರೆ ಸರ್ಕ್ಯೂಟ್‌ನಲ್ಲಿ ಅದು ಒಳ್ಳೆಯ ಉಪಾಯ. ಇಲ್ಲಿ ಮಾತ್ರ ಸಪ್ಲೈ 3.9 ಕಿಲೋಓಮ್ ದಾಟದೆ ನೇರ ಎಲ್ಎಂ4040 ಮೇಲೆ ಬೀಳುತ್ತದೆ. ಕರೆಂಟ್ ವ್ಯರ್ಥ, ಕೆಪಾಸಿಟರ್ ಮೇಲಕ್ಕೆ ಚಾರ್ಜ್ ಆಗಿ ಮುಂದಿನ ರೀಡಿಂಗ್ ಕೆಳಕ್ಕೆ ತಪ್ಪುತ್ತದೆ, ಎಲ್ಎಂ4040ಕ್ಕೂ ಕ್ಷೇಮವಲ್ಲ. ಅದರ ಮಿತಿ 15 ಮಿಲಿಆಂಪಿಯರ್.

ಬ್ಯಾಟರಿ ಅಳೆಯಲು 1 ಮೆಗಾಓಮ್‌ನ ಎರಡು ರೆಸಿಸ್ಟರ್ ಹಾಕಿ ಅರ್ಧ ವೋಲ್ಟೇಜ್ ಅನ್ನು ಬೇರೆ ಎಡಿಸಿ ಪಿನ್‌ಗೆ ಕೊಡಿ. ಆ ಪಿನ್‌ನಿಂದ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್ ಹಾಕಿ, ಇಲ್ಲದಿದ್ದರೆ ಅಷ್ಟು ದೊಡ್ಡ ರೆಸಿಸ್ಟೆನ್ಸ್‌ನಿಂದ ಎಡಿಸಿ ಸರಿಯಾಗಿ ಓದುವುದಿಲ್ಲ. ಸದಾ ಹರಿಯುವುದು ಸುಮಾರು 1.6 ಮೈಕ್ರೋಆಂಪಿಯರ್ ಮಾತ್ರ. ಅದೇ ರೆಫರೆನ್ಸ್‌ನಿಂದ ಎರಡೂ ಅಳತೆ ಮುಗಿಯುತ್ತವೆ.

ಹಂತ 7: ಆಫ್ ಮಾಡುವುದನ್ನೂ ಸರಿಯಾಗಿ ಮಾಡಿ

ರೀಡಿಂಗ್ ಸರಿಯಾಯಿತು, ಆದರೆ ನಿದ್ದೆಯ ಕರೆಂಟ್ ಜಾಸ್ತಿ ಇದೆ ಎನ್ನುವವರು ಪಿನ್ ಹೇಗೆ ಆಫ್ ಮಾಡುತ್ತಿದ್ದೀರಿ ನೋಡಿ. ಹೈ ಇದ್ದ ಪಿನ್ ಅನ್ನು ನೇರ ಇನ್‌ಪುಟ್ ಮಾಡಿದರೆ ಒಳಗಿನ ಪುಲ್-ಅಪ್, ಅಂದರೆ ಪಿನ್ ಅನ್ನು ಸಪ್ಲೈ ಕಡೆಗೆ ಎಳೆಯುವ ರೆಸಿಸ್ಟರ್, ಚಾಲೂ ಉಳಿಯುತ್ತದೆ. ಅದು 20ರಿಂದ 50 ಕಿಲೋಓಮ್. ಅದರ ಮೂಲಕ ರೆಫರೆನ್ಸ್ ಕಡೆಗೆ ಹತ್ತಾರು ಮೈಕ್ರೋಆಂಪಿಯರ್ ಸೋರಬಹುದು. ಪಿನ್ ಔಟ್‌ಪುಟ್ ಆಗಿಯೇ ಇರಲಿ, ಲೋ ಮಾಡಿ ಬಿಡಿ.

ಮಲಗುವ ಮೊದಲು ಎಡಿಸಿಯನ್ನೂ ಆರಿಸಲೇಬೇಕು. ಆರಿಸದಿದ್ದರೆ ನೂರಾರು ಮೈಕ್ರೋಆಂಪಿಯರ್ ನಿದ್ದೆಯಲ್ಲೂ ಹೋಗುತ್ತದೆ. ಎದ್ದು ಎಡಿಸಿ ಆನ್ ಮಾಡಿದ ಮೇಲಿನ ಮೊದಲ ಕನ್ವರ್ಷನ್ 13ರ ಬದಲು 25 ಸುತ್ತು ತೆಗೆದುಕೊಳ್ಳುತ್ತದೆ. ಅದನ್ನು ಎಸೆದುಬಿಡಿ.

ಏಳುವ ಕ್ರಮ

ನಾನು ಈಗ ಇಟ್ಟುಕೊಂಡಿರುವ ಕ್ರಮ ಹೀಗಿದೆ. ಎದ್ದ ತಕ್ಷಣ ಸೆನ್ಸರ್ ಮತ್ತು ರೆಫರೆನ್ಸ್ ಎರಡೂ ಆನ್. ಎಡಿಸಿ ಆನ್, ಎಕ್ಸ್‌ಟರ್ನಲ್ ರೆಫರೆನ್ಸ್ ಆಯ್ಕೆ. 5 ಮಿಲಿಸೆಕೆಂಡ್ ಕಾಯುವುದು. ಎರಡು ರೀಡಿಂಗ್ ಎಸೆಯುವುದು. ನಂತರ ಎಂಟು ತೆಗೆದು ಸರಾಸರಿ, ಈಗ ಸರಾಸರಿಗೆ ಅರ್ಥವಿದೆ. ಎಡಿಸಿ ಆಫ್, ಪಿನ್‌ಗಳು ಲೋ. ಎಲ್ಲ ಮುಗಿದ ಮೇಲೆ ರೇಡಿಯೋ. ರೇಡಿಯೋ ಮೊದಲು ಎಬ್ಬಿಸಿದರೆ ಅದು ನೂರು ಮಿಲಿಆಂಪಿಯರ್ ಆಸುಪಾಸು ಎಳೆದು ಸೆಲ್‌ನ ವೋಲ್ಟೇಜ್ ಬಗ್ಗಿಸುತ್ತದೆ.

ಅರ್ಧ ಮಿಲಿಸೆಕೆಂಡ್ ಸಾಕು ಎಂದು ಹೇಳಿ 5 ಕಾಯುವುದು ಯಾಕೆ ಎಂದು ಕೇಳಬಹುದು. ಬೆಲೆ ನೋಡಿ. ಎಚ್ಚರವಿರುವ ಚಿಪ್ 4 ಮಿಲಿಆಂಪಿಯರ್ ತಿಂದರೂ, 10 ನಿಮಿಷಕ್ಕೊಮ್ಮೆ 5 ಮಿಲಿಸೆಕೆಂಡ್ ಅಂದರೆ ಸರಾಸರಿ 0.03 ಮೈಕ್ರೋಆಂಪಿಯರ್. 20 ಮಿಲಿಸೆಕೆಂಡ್ ಕಾದರೂ 0.13. ನಿದ್ದೆಯ ನಾಲ್ಕೈದು ಮೈಕ್ರೋಆಂಪಿಯರ್ ಎದುರು ಇದು ಲೆಕ್ಕಕ್ಕೇ ಇಲ್ಲ. ನಾನು 6 ಮಿಲಿಸೆಕೆಂಡ್‌ನಲ್ಲಿ ಜುಗ್ಗತನ ಮಾಡಿ ಉಳಿಸಿದ್ದು ಏನೂ ಇಲ್ಲ. ಇನ್ನೂ ಜಾಸ್ತಿ ಕಾಯಬೇಕಾದರೆ ವಾಚ್‌ಡಾಗ್ ಅನ್ನು 16 ಮಿಲಿಸೆಕೆಂಡ್‌ಗೆ ಇಟ್ಟು ಚಿಪ್ ಅನ್ನು ಮಲಗಿಸಿ. ಪವರ್-ಡೌನ್‌ನಲ್ಲೂ ಪಿನ್ ಹೈ ಆಗಿಯೇ ಇರುತ್ತದೆ, ರೆಫರೆನ್ಸ್ ತನ್ನ ಪಾಡಿಗೆ ಏರುತ್ತದೆ.

ಬೇರೆ ರೆಫರೆನ್ಸ್ ಬಳಸುವವರಿಗೆ

ಎಂಸಿಪಿ1525 ತರಹದ, ಸಪ್ಲೈ ಮತ್ತು ಔಟ್‌ಪುಟ್ ನಡುವೆ ಕೂರುವ ಸೀರೀಸ್ ರೆಫರೆನ್ಸ್‌ಗೆ ಔಟ್‌ಪುಟ್‌ನಲ್ಲಿ 1ರಿಂದ 10 ಮೈಕ್ರೋಫ್ಯಾರಡ್ ಇರಲೇಬೇಕು. ವೇಗಕ್ಕಾಗಿ ಅದನ್ನು ಕಡಿಮೆ ಮಾಡಬೇಡಿ. ಇನ್‌ಪುಟ್‌ಗೆ ಕನಿಷ್ಠ 2.7 ವೋಲ್ಟ್ ಬೇಕು. ಅದರ ಇನ್‌ಪುಟ್ ಬದಿಗೆ 10 ಮೈಕ್ರೋಫ್ಯಾರಡ್ ಹಾಕಿ ನೇರ ಜಿಪಿಐಓದಿಂದ ಎಬ್ಬಿಸಿದರೆ, ಆ ಕ್ಷಣದ ಕರೆಂಟ್ ಪಿನ್‌ನ 40 ಮಿಲಿಆಂಪಿಯರ್ ಮಿತಿ ದಾಟಬಹುದು. 100 ನ್ಯಾನೋ ಸಾಕು. ಟಿಎಲ್431 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಅದಕ್ಕೆ 1 ಮಿಲಿಆಂಪಿಯರ್ ಕೊಡಬೇಕು, ಕೆಲವು ಅಳತೆಯ ಕೆಪಾಸಿಟರ್ ಜೊತೆ ಕಂಪಿಸುತ್ತದೆ. ಈ ಕೆಲಸಕ್ಕೆ ನಾನು ಅದನ್ನು ಹಾಕುವುದಿಲ್ಲ.

ರೆಫರೆನ್ಸ್ ನಂತರ ಆರ್‌ಸಿ ಫಿಲ್ಟರ್ ಹಾಕಿದ್ದರೆ ಐದು ಟೈಮ್ ಕಾನ್‌ಸ್ಟಂಟ್ ಕಾದರೆ ಆಯಿತು ಎಂಬ ಮಾತನ್ನು ನಂಬಬೇಡಿ. ಐದರ ನಂತರವೂ 0.67 ಶೇಕಡ ಬಾಕಿ ಇರುತ್ತದೆ. 1024ರಲ್ಲಿ ಅದು 7 ಎಣಿಕೆ. ಅರ್ಧ ಎಣಿಕೆಯ ಒಳಗೆ ಬರಲು 10 ಬಿಟ್‌ಗೆ 7.6, 12 ಬಿಟ್‌ಗೆ 9 ಟೈಮ್ ಕಾನ್‌ಸ್ಟಂಟ್ ಬೇಕು.

ಶೆಡ್‌ಗೆ ಒಯ್ಯುವ ಮೊದಲು

ಬೋರ್ಡ್ ತೊಳೆಯಿರಿ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಬ್ರಷ್ ಸಾಕು. ಒಣದ್ರಾಕ್ಷಿ ಶೆಡ್‌ನಲ್ಲಿ ಇದು ಬೇರೆ ಕಡೆಗಿಂತ ಮುಖ್ಯ. ಡಿಪ್ಪಿಂಗ್‌ಗೆ ಬಳಸುವ ಪೊಟ್ಯಾಷಿಯಂ ಕಾರ್ಬೊನೇಟ್ ಗಾಳಿಯ ತೇವ ಹೀರುತ್ತದೆ. ಅದರ ಹನಿ ಸಿಡಿದು ಬೋರ್ಡ್ ಮೇಲೆ ಒಣಗಿದರೆ ರಾತ್ರಿ ತೇವಕ್ಕೆ ಕರೆಂಟ್ ಸೋರುವ ದಾರಿಯಾಗುತ್ತದೆ. ಆ 1 ಮೆಗಾಓಮ್ ರೆಸಿಸ್ಟರ್‌ಗಳ ಪಕ್ಕ ಹೀಗಾದರೆ ಬ್ಯಾಟರಿ ರೀಡಿಂಗ್ ಕೆಡುತ್ತದೆ. ಕೆಲವು ಶೆಡ್‌ಗಳಲ್ಲಿ ಬಣ್ಣಕ್ಕಾಗಿ ಗಂಧಕದ ಹೊಗೆಯನ್ನೂ ಹಾಕುತ್ತಾರೆ, ಅದು ತಾಮ್ರವನ್ನು ತಿನ್ನುತ್ತದೆ. ತೊಳೆದು ಒಣಗಿಸಿ ಕನ್ಫಾರ್ಮಲ್ ಕೋಟಿಂಗ್, ಅಂದರೆ ಬೋರ್ಡ್‌ಗೆ ತೇವ ತಾಗದಂತೆ ತಡೆಯುವ ಲೇಪ, ಹಚ್ಚಿ. ಸೆನ್ಸರ್ ಮಾತ್ರ ಗಾಳಿಗೆ ತೆರೆದಿರಲಿ.

ಕೊನೆಗೆ ಹಂತ 4ರ ಆ 100 ರೀಡಿಂಗ್‌ನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಒಮ್ಮೆ ಸಪ್ಲೈ 3.4 ವೋಲ್ಟ್ ಇಟ್ಟು, ಒಮ್ಮೆ 2.8 ಇಟ್ಟು. ಎರಡರಲ್ಲೂ ಹದಿನೈದನೆಯ ರೀಡಿಂಗ್ ಒಳಗೆ ಸಂಖ್ಯೆ ನಿಂತಿರಬೇಕು, ಎರಡರ ನಿಂತ ಸಂಖ್ಯೆಯೂ ಒಂದು ಎಣಿಕೆಯೊಳಗೆ ಹೊಂದಬೇಕು. ನನ್ನ ಮೂರೂ ನೋಡ್‌ಗಳನ್ನು ಹೀಗೆ ನೋಡಿ, ಒಂದು ರಾತ್ರಿ ಪೂರ್ತಿ ಹತ್ತು ನಿಮಿಷದ ನಿದ್ದೆಯಲ್ಲೇ ಓಡಿಸಿ, ಬೆಳಿಗ್ಗೆ ಟಿಕೋಟಾಕ್ಕೆ ಒಯ್ದೆ. ಮೂರನ್ನೂ ಒಂದೇ ಹಂತದ ಬಲೆಗೆ, ಹಳೆಯ ಪಾದರಸದ ಥರ್ಮಾಮೀಟರ್ ಪಕ್ಕದಲ್ಲೇ ಕಟ್ಟಿದೆವು. ಮಧ್ಯಾಹ್ನ ಎರಡು ಗಂಟೆಗೆ ಗೆಳೆಯರು ಥರ್ಮಾಮೀಟರ್ ನೋಡಿ 39 ಎಂದರು. ಫೋನಿನಲ್ಲಿ ಮೂರು ಸಾಲು ಬಂದಿದ್ದವು: 39.2, 38.8, 39.4.